ಪತ್ತು ಕಾಯ್ದುಕೊಳ್ಳುವ ಬಗೆ



1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡು ಗಡಹಿಂಗ್ಲಜ ಭಾಗದ ಅನೇಕ ಸದಸ್ಯರಲ್ಲಿದೆ. ಮಂಜೂರಾದ ಹಣವನ್ನೆಲ್ಲ ಒಮ್ಮೆಲೇ ಎತ್ತಬೇಕಾಗಿಲ್ಲ. ಬೀಜ, ಗೊಬ್ಬರ, ಆಳಿನ ಖರ್ಚು ಬಂದಂತೆ ಎತ್ತಿರಿ. ಎತ್ತಿದ ಹಣಕ್ಕಷ್ಟೇ ಬಡ್ಡಿ.

3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ. 7. ವಾಯಿದೆಯೊಳಗೆ ತೀರಿಸಿದರೆ ಕೇಂದ್ರ ಸರಕಾರದ ಶೇ. 3ರ ರಿಯಾಯಿತಿ ಉಂಟು. ಅಂದರೆ ಒಂದು ಲಕ್ಷಕ್ಕೆ ವರ್ಷಕ್ಕೆ 3,000 ರೂಪಾಯಿ ಉಳಿತಾಯ.

"ಕಾರಖಾನೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದಲ್ಲ" ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಆದರೆ ಕಬ್ಬು ಕೊಲ್ಹಾಪುರದ ಬೆಲ್ಲದ ಪೇಟೆಗೆಂದು ಗಾಣಕ್ಕೆ ಹೋದರೆ ಮುರಿಯುವವರು ಯಾರು? ಮುರಿದ ಹಣವೂ ಸಾಲದ ಖಾತೆಗೆ ಜಮೆಯಾದ ಮೇಲೆಯೇ ಸಾಲ ತೀರಿದಂತೆ. ಆದ್ದರಿಂದ ವಾಯಿದೆಗೆ ಮುಂಚೆ ಪಾಸ್‌ಬುಕ್ಕು ಬರೆಸಿ ನೋಡತಕ್ಕದ್ದು.

ವಾಯಿದೆ ತಪ್ಪಿದ್ದು ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಗೆ ಸೇರಿ, 300ರಿಂದ 900ರವರೆಗಿನ ಅಂಕದಲ್ಲಿ ನಿಮ್ಮದು ಇಳಿಯುತ್ತದೆ. ನಾಳೆ ಟ್ರ್ಯಾಕ್ಟರಿಗೆ ಸಾಲ ಕೇಳಿದರೂ, ಇಚಲಕರಂಜಿಯಲ್ಲಿ ಮಗ ಹಾಕುವ ಮಗ್ಗಕ್ಕೆ ಜಾಮೀನು ನಿಂತರೂ ಬ್ಯಾಂಕು ಮೊದಲು ಅದನ್ನೇ ನೋಡುತ್ತದೆ. ಈ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ತರಿಸಿ ನೋಡಿರಿ, ತಪ್ಪು ಕಂಡರೆ ಬ್ಯಾಂಕಿಗೆ ಅರ್ಜಿ ಕೊಟ್ಟು ತಿದ್ದಿಸಿರಿ.