ಆಕಾಶಕ್ಕೆ ಹಾರಿಬಿಟ್ಟ ಪಾರಿವಾಳಗಳು

೨೦೧೭ನೆಯ ಇಸವಿ ಫೆಬ್ರವರಿ ೧೫ನೆಯ ತಾರೀಖು ಬೆಳಗ್ಗೆ ೯ ಗಂಟೆ ೨೮ ನಿಮಿಷಕ್ಕೆ ಶ್ರೀಹರಿಕೋಟೆಯಿಂದ ಮೇಲೆದ್ದ ರಾಕೆಟ್ಟು ಅರ್ಧ ಗಂಟೆಯೊಳಗಾಗಿ ೧೦೪ ಉಪಗ್ರಹಗಳನ್ನು ಅಂತರಿಕ್ಷದಲ್ಲಿ ಬಿಟ್ಟಿತೆಂಬ ವಾರ್ತೆಯನ್ನು ವಾಚಕರು ಮರೆತಿರಲಾರರು. ಅದಕ್ಕೆ ಮುಂಚೆ ಯಾವ ದೇಶದ ರಾಕೆಟ್ಟೂ ಅಷ್ಟು ಉಪಗ್ರಹಗಳನ್ನು ಒಂದೇ ಸಲಕ್ಕೆ ಹೊತ್ತು ಹೋಗಿರಲಿಲ್ಲ. ಈ ದಾಖಲೆಯನ್ನು ೨೦೨೧ನೆಯ ಇಸವಿ ಜನವರಿಯಲ್ಲಿ ಅಮೆರಿಕದ ರಾಕೆಟ್ಟೊಂದು ೧೪೩ನ್ನು ಒಯ್ದು ಮುರಿದದ್ದು ನಿಜ; ಆದರೆ ಅಂದಿನ ನಮ್ಮ ಹೆಮ್ಮೆಗೆ ಅದರಿಂದ ಕುಂದೇನೂ ಇಲ್ಲ.

ಆ ನೂರನಾಲ್ಕೂ ನಮ್ಮವೇ ಎಂದು ತಿಳಿದವರು ಹಲವರು. ವಾಸ್ತವವಾಗಿ ನಮ್ಮವು ಮೂರೇ. ೭೧೪ ಕಿಲೋಗ್ರಾಂ ತೂಕದ ಕಾರ್ಟೋಸ್ಯಾಟ್ ಒಂದು, ಪುಟ್ಟ ಉಪಗ್ರಹಗಳು ಎರಡು. ಉಳಿದವೆಲ್ಲ ಕೂಲಿ ಕೊಟ್ಟು ಕುಳಿತ ಪರದೇಶದ ಪ್ರಯಾಣಿಕರು. ಅವುಗಳ ಪೈಕಿ ಎಂಬತ್ತೆಂಟು ಒಂದೇ ಕಂಪೆನಿಗೆ ಸೇರಿದವು. ಆ ಕಂಪೆನಿಯ ಹೆಸರು ಪ್ಲಾನೆಟ್. ಅದರ ಮುಖ್ಯ ಕಚೇರಿಯು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿರುವುದು. ತಾನು ಕಟ್ಟಿದ ಈ ಚಿಕ್ಕ ಉಪಗ್ರಹಗಳಿಗೆ ಅದು ಇಟ್ಟ ಹೆಸರು ‘ಡವ್’, ಎಂದರೆ ಪಾರಿವಾಳ. ಒಂದು ಸಲಕ್ಕೆ ಹಾರಿಬಿಟ್ಟ ಗುಂಪಿಗೆ ‘ಫ್ಲಾಕ್’, ಎಂದರೆ ಹಿಂಡು.

ಪಾರಿವಾಳವೆಂಬ ಹೆಸರು ಒಪ್ಪುವಂತೆಯೇ ಇದೆ. ಇದರ ಮೈ ನಾಲ್ಕಂಗುಲ ಅಗಲ, ನಾಲ್ಕಂಗುಲ ದಪ್ಪ, ಸುಮಾರು ಒಂದಡಿ ಉದ್ದ. ತೂಕ ಐದು ಕಿಲೋಗ್ರಾಮಿನೊಳಗೆ. ನಮ್ಮ ಮನೆಗಳಲ್ಲಿ ಅಜ್ಜಿಯು ಆರು ತಿಂಗಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವುದಕ್ಕಿಂತ ಸುಲಭವಾಗಿ ಇದನ್ನು ಮಲಗಿಸಿಕೊಳ್ಳಬಹುದು. ಒಳಗೆ ಇರತಕ್ಕದ್ದು ಮುಖ್ಯವಾಗಿ ಒಂದು ದೂರದರ್ಶಕ, ಅದರ ಹಿಂದೆ ಒಂದು ಕ್ಯಾಮೆರಾ, ಬ್ಯಾಟರಿಗಳು, ಚಿತ್ರಗಳನ್ನು ನೆಲಕ್ಕೆ ಕಳುಹಿಸುವ ರೇಡಿಯೋ. ಇಕ್ಕೆಲಗಳಲ್ಲಿ ರೆಕ್ಕೆಗಳಂತೆ ಬಿಚ್ಚಿಕೊಳ್ಳುವ ಫಲಕಗಳು ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವುವು. ಕಲಾವಿದರಿಂದ ಚಿತ್ರಗಳನ್ನು ಬರೆಯಿಸಿ ಇವುಗಳ ಮೈಮೇಲೆ ಕೊರೆಯಿಸುವ ಪದ್ಧತಿಯೂ ಈ ಕಂಪೆನಿಯಲ್ಲಿ ಉಂಟು. ಯಾರೂ ನೋಡಲಾರದ ಎತ್ತರದಲ್ಲಿ ಚಿತ್ರಕಲೆಯೇಕೆ ಎಂದು ಕೇಳಬಹುದು. ನಮ್ಮ ದೇವಾಲಯಗಳ ಶಿಖರದ ತುದಿಯ ಕೆತ್ತನೆಯನ್ನೂ ಎಷ್ಟು ಜನ ನೋಡಿಯಾರು?

ಈ ಅಳತೆಯು ಹುಟ್ಟಿದ ಬಗೆ ಸ್ವಾರಸ್ಯವಾದದ್ದು. ಕ್ಯಾಲಿಫೋರ್ನಿಯ ಪ್ರಾಂತದ ಇಬ್ಬರು ಅಧ್ಯಾಪಕರು, ಸ್ಟ್ಯಾನ್‌ಫರ್ಡಿನ ಬಾಬ್ ಟ್ವಿಗ್ಸ್ ಮತ್ತು ಕ್ಯಾಲ್ ಪಾಲಿ ವಿದ್ಯಾಲಯದ ಜೋರ್ಡಿ ಪುಯಿಗ್-ಸುವಾರಿ ಎಂಬವರು, ೧೯೯೯ರಲ್ಲಿ ವಿದ್ಯಾರ್ಥಿಗಳು ಕಲಿಯುವಾಗಲೇ ಕಟ್ಟಿ ಹಾರಿಸಬಹುದಾದ ಉಪಗ್ರಹದ ಮಾದರಿಯೊಂದನ್ನು ಯೋಚಿಸಿದರು. ಟ್ವಿಗ್ಸರಿಗೆ ಅಳತೆಯನ್ನು ಸೂಚಿಸಿದ್ದು ಅಂಗಡಿಯಲ್ಲಿ ಬೊಂಬೆಯನ್ನಿಟ್ಟು ಮಾರುವ ಪ್ಲಾಸ್ಟಿಕ್ಕಿನ ಡಬ್ಬಿ. ಹತ್ತು ಸೆಂಟಿಮೀಟರಿನ ಘನಾಕೃತಿಯೆಂದು ನಿಶ್ಚಯಿಸಿ ಅವರು ಅದಕ್ಕೆ ಕ್ಯೂಬ್‌ಸ್ಯಾಟ್ ಎಂದು ಹೆಸರಿಟ್ಟರು. ಅಳತೆಯು ಒಂದೇ ಆಗಿದ್ದರೆ ಯಾವ ರಾಕೆಟ್ಟಿನಲ್ಲಾದರೂ ಒಂದೇ ಬಗೆಯ ಪೆಟ್ಟಿಗೆಯಲ್ಲಿ ತುಂಬಿ, ಸ್ಪ್ರಿಂಗಿನಿಂದ ಹೊರಕ್ಕೆ ತಳ್ಳಬಹುದು. ಸೇರು ಪಾವುಗಳ ಅಳತೆ ಗೊತ್ತಾಗಿರುವುದರಿಂದಲೇ ಸಂತೆಯ ವ್ಯಾಪಾರ ಸುಗಮವಾಗುವಂತೆ, ಈ ಅಳತೆ ಗೊತ್ತಾದ ಮೇಲೆ ಆಕಾಶದ ವ್ಯಾಪಾರವೂ ಸುಗಮವಾಯಿತು. ಇಂಥ ಮೂರು ಘನಗಳನ್ನು ಒಂದರ ತಲೆಗೊಂದು ಜೋಡಿಸಿದರೆ ಪಾರಿವಾಳದ ಗಾತ್ರವಾಗುವುದು.

ಕಂಪೆನಿಯನ್ನು ಸ್ಥಾಪಿಸಿದವರು ವಿಲ್ ಮಾರ್ಷಲ್, ರಾಬಿ ಶಿಂಗ್ಲರ್, ಕ್ರಿಸ್ ಬೊಶುಯಿಜೆನ್ ಎಂಬ ಮೂವರು. ಇವರು ಅಮೆರಿಕದ ಸರಕಾರೀ ಅಂತರಿಕ್ಷ ಸಂಸ್ಥೆಯಾದ ನಾಸಾದ ಏಮ್ಸ್ ಕೇಂದ್ರದಲ್ಲಿದ್ದವರು. ಜೇಬಿನಲ್ಲಿಟ್ಟುಕೊಳ್ಳುವ ಮೊಬೈಲ್ ಫೋನಿನಲ್ಲಿ ಗಣಕಯಂತ್ರ, ಕ್ಯಾಮೆರಾ, ಬ್ಯಾಟರಿ, ರೇಡಿಯೋ ಎಲ್ಲವೂ ಇರುವಾಗ ಅದನ್ನೇ ಏಕೆ ಉಪಗ್ರಹವಾಗಿ ಮಾಡಬಾರದೆಂಬ ಯೋಚನೆ ಆ ಕೇಂದ್ರದಲ್ಲಿ ಹುಟ್ಟಿತು. ಹಾಗೆ ಮಾಡಿದ ಮೂರು ಫೋನ್-ಉಪಗ್ರಹಗಳು ೨೦೧೩ನೆಯ ಇಸವಿ ಏಪ್ರಿಲಿನಲ್ಲಿ ಹಾರಿಯೂ ಹಾರಿದುವು. ಅವುಗಳ ಹೆಸರು ಅಲೆಕ್ಸಾಂಡರ್, ಗ್ರಹಾಂ, ಬೆಲ್. ದೂರವಾಣಿಯನ್ನು ಕಂಡುಹಿಡಿದ ಮಹನೀಯನ ಹೆಸರನ್ನೇ ಮೂರು ತುಂಡು ಮಾಡಿ ಹಂಚಿದ್ದರು! ಈ ಮೂವರು ಸ್ನೇಹಿತರಾದರೋ ೨೦೧೦ರಲ್ಲಿಯೇ ಕುಪರ್ಟಿನೋ ಎಂಬ ಊರಿನ ಒಂದು ಮನೆಯ ಮೋಟಾರು ಕೊಟ್ಟಿಗೆಯಲ್ಲಿ ತಮ್ಮ ಕೆಲಸವನ್ನು ಆರಂಭಿಸಿದ್ದರು.

ಕೊಟ್ಟಿಗೆಯೆಂದು ನಗಬೇಕಾದುದಿಲ್ಲ. ನಮ್ಮ ಮೊದಲ ಉಪಗ್ರಹವಾದ ಆರ್ಯಭಟವೂ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಉಡುಪಿ ರಾಮಚಂದ್ರರಾಯರ ನೇತೃತ್ವದಲ್ಲಿ ಸಿದ್ಧವಾದದ್ದೇ. ಆದರೆ ೧೯೭೫ರಲ್ಲಿ ಹಾರಿದ ಆರ್ಯಭಟದ ತೂಕ ೩೬೦ ಕಿಲೋಗ್ರಾಂ. ಎಪ್ಪತ್ತಕ್ಕಿಂತ ಹೆಚ್ಚು ಪಾರಿವಾಳಗಳನ್ನು ತಕ್ಕಡಿಗೆ ಹಾಕಿದರೆ ಅದಕ್ಕೆ ಸಮನಾದೀತು.

ಇಷ್ಟು ಸಣ್ಣದನ್ನು ಕಟ್ಟುವುದರಲ್ಲಿ ಲಾಭವೇನೆಂಬುದು ೨೦೧೪ನೆಯ ಇಸವಿ ಅಕ್ಟೋಬರ್ ೨೮ನೆಯ ತಾರೀಖು ಸಂಜೆ ಚೆನ್ನಾಗಿ ವ್ಯಕ್ತವಾಯಿತು. ವರ್ಜೀನಿಯ ಪ್ರಾಂತದ ವಾಲಪ್ಸ್ ದ್ವೀಪದಿಂದ ಹೊರಟ ಆಂಟಾರೆಸ್ ಎಂಬ ರಾಕೆಟ್ಟು ಮೇಲೆದ್ದ ಕೆಲವು ಸೆಕೆಂಡುಗಳಲ್ಲಿಯೇ ಸಿಡಿದು ಕಡಲ ದಂಡೆಯ ಮೇಲೆ ಬೆಂಕಿಯ ಗುಡ್ಡವಾಗಿ ಬಿದ್ದಿತು. ಅದರೊಳಗೆ ಇಪ್ಪತ್ತಾರು ಪಾರಿವಾಳಗಳಿದ್ದುವು. ಒಂದೊಂದಕ್ಕೂ ಹತ್ತು ವರ್ಷ ದುಡಿದು ಕಟ್ಟುವ ದೊಡ್ಡ ಉಪಗ್ರಹವಾಗಿದ್ದರೆ ಆ ಸಂಜೆ ಎಷ್ಟೋ ಜನರ ಜೀವಮಾನದ ಶ್ರಮ ಬೂದಿಯಾಗಿರುತ್ತಿತ್ತು. ಪ್ಲಾನೆಟ್ಟಿನವರು ಕೆಲವೇ ದಿನಗಳಲ್ಲಿ ಎರಡನ್ನು ಹೊಸದಾಗಿ ಕಟ್ಟಿ ಮುಂದಿನ ರಾಕೆಟ್ಟಿಗೆ ಕಳುಹಿಸಿದರು. ಅವು ಜನವರಿ ತಿಂಗಳಲ್ಲಿ ಹಾರಿದುವು. ೨೦೧೫ರ ಜೂನಿನಲ್ಲಿ ಇನ್ನೊಂದು ರಾಕೆಟ್ಟು ಸಿಡಿದು ಮತ್ತೆ ಎಂಟು ಹೋದುವು. ಮತ್ತೆ ಕಟ್ಟಿದರು. ಅಂಗಳದಲ್ಲಿ ಇರುವ ಒಂದೇ ತೆಂಗಿನ ಮರಕ್ಕೆ ಸಿಡಿಲು ಬಡಿದರೆ ಆಗುವ ದುಃಖವೇ ಬೇರೆ. ಸಸಿಮಡಿಯಲ್ಲಿ ಒಂದು ಮೂಲೆಯ ಅಗೆಯನ್ನು ದನ ಮೇಯ್ದರೆ ಆಗುವ ನಷ್ಟವೇ ಬೇರೆ. ಬೇಸಾಯಗಾರನು ಕೆಲವು ಸಾಯುವುವೆಂದು ತಿಳಿದೇ ಹೆಚ್ಚು ಅಗೆ ಹಾಕುವನಷ್ಟೆ.

ಹಿಂಡಿನಲ್ಲಿ ತುಂಟತನವೂ ಉಂಟು. ೨೦೧೪ರಲ್ಲಿ ಅಂತರಿಕ್ಷ ನಿಲ್ದಾಣದಿಂದ ಇವುಗಳನ್ನು ಹೊರಬಿಡುವ ಪೆಟ್ಟಿಗೆ ಕೈಕೊಟ್ಟಾಗ, ಆಜ್ಞೆಯಿತ್ತರೂ ಹೊರಡದ ಪೆಟ್ಟಿಗೆಯಿಂದ ಎರಡು ಪಾರಿವಾಳಗಳು ಹೇಳದೆ ಕೇಳದೆ ತಾವಾಗಿಯೇ ಹೊರಕ್ಕೆ ಜಿಗಿದುವಂತೆ.

ಇನ್ನು ಇವುಗಳ ಸಂಚಾರ ಕ್ರಮ. ಶ್ರೀಹರಿಕೋಟೆಯಿಂದ ಹೊರಟವುಗಳನ್ನು ಬಿಟ್ಟದ್ದು ಸುಮಾರು ೫೦೦ ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಒಂದೂವರೆ ಗಂಟೆಗೆ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಉತ್ತರ ದಕ್ಷಿಣವಾಗಿ ಭೂಮಿಯನ್ನು ಒಂದು ಸುತ್ತು ಬರುವುವು. ಕೆಳಗೆ ಭೂಮಿಯು ತಾನೂ ತಿರುಗುತ್ತಿರುವುದರಿಂದ ಪ್ರತಿ ಸುತ್ತಿಗೂ ಹೊಸ ನೆಲ ಕೆಳಗೆ ಬರುವುದು. ಹಿಂಡೆಲ್ಲ ಒಂದೇ ಕಡೆ ಗುಂಪಾಗಿದ್ದರೆ ಪ್ರಯೋಜನವಿಲ್ಲ. ಮಣಿಸರದಂತೆ ಸುತ್ತಲೂ ಹರಡಿಕೊಳ್ಳಬೇಕು. ಆದರೆ ಇವುಗಳಲ್ಲಿ ಮುಂದಕ್ಕೆ ನೂಕುವ ಎಂಜಿನ್ನೇ ಇಲ್ಲ! ಹಾಗಾದರೆ ಹರಡುವುದು ಹೇಗೆ?

ಉಪಾಯವು ಬಹು ಜಾಣತನದ್ದು. ಆ ಎತ್ತರದಲ್ಲಿಯೂ ಗಾಳಿಯು ಅತ್ಯಲ್ಪವಾಗಿ ಉಂಟು. ನೆಲದಿಂದ ಆಜ್ಞೆ ಮಾಡಿ ಒಂದು ಪಾರಿವಾಳದ ಅಗಲವಾದ ರೆಕ್ಕೆಗಳನ್ನು ಗಾಳಿಗೆ ಎದುರಾಗಿ ತಿರುಗಿಸಿದರೆ ಅದಕ್ಕೆ ತಡೆ ಹೆಚ್ಚುವುದು. ರೆಕ್ಕೆಯ ಅಂಚನ್ನು ಎದುರಾಗಿಸಿದರೆ ತಡೆ ಕಡಿಮೆ. ತಡೆ ಹೆಚ್ಚಾದದ್ದು ಹಿಂದೆ ಬೀಳುವುದೆಂದು ನಾವು ಊಹಿಸುವೆವು. ಆಗುವುದು ಅದಕ್ಕೆ ವಿರುದ್ಧ. ತಡೆಯಿಂದ ಅದು ಸ್ವಲ್ಪ ಕೆಳಗಿನ ಕಕ್ಷೆಗೆ ಇಳಿಯುವುದು; ಕೆಳಗಿನ ಸುತ್ತು ಚಿಕ್ಕದು, ವೇಗವೂ ಅಧಿಕ. ದೇವಸ್ಥಾನದ ಒಳ ಪ್ರಾಕಾರದಲ್ಲಿ ಪ್ರದಕ್ಷಿಣೆ ಮಾಡುವವನು ಹೊರ ಪ್ರಾಕಾರದವನಿಗಿಂತ ಬೇಗ ಸುತ್ತು ಮುಗಿಸುವಂತೆ, ಅದು ಒಡನಾಡಿಗಳನ್ನು ಹಿಂದಿಟ್ಟು ಮುಂದಕ್ಕೆ ಸಾಗುವುದು. ವಾರಗಳ ಕಾಲ ಹೀಗೆ ಒಂದೊಂದನ್ನೇ ತಿರುಗಿಸಿ ತಿರುಗಿಸಿ ಹಿಂಡನ್ನು ಸಾಲಾಗಿ ಹರಡುವರು. ಅದೇ ಗಾಳಿಯೇ ಕೆಲವು ವರ್ಷಗಳಲ್ಲಿ ಇವನ್ನು ಕೆಳಕ್ಕೆಳೆದು ಉರಿಸಿಬಿಡುವುದು. ಆಕಾಶದಲ್ಲಿ ಕಸ ತುಂಬುತ್ತಿರುವ ಈ ಕಾಲದಲ್ಲಿ ಅದೂ ಒಂದು ಉಪಕಾರವೇ.

ಹರಡಿದ ಹಿಂಡು ಮಾಡುವ ಕೆಲಸ ಒಂದೇ: ಕೆಳಗೆ ಬಂದ ನೆಲದ ಚಿತ್ರವನ್ನು ತೆಗೆಯುತ್ತ ಹೋಗುವುದು. ದೊಡ್ಡ ಉಪಗ್ರಹಕ್ಕೆ ‘ಇಂಥ ಸ್ಥಳವನ್ನು ನೋಡು’ ಎಂದು ಹೇಳಬೇಕು. ಇವುಗಳಿಗೆ ಹೇಳುವವರೂ ಬೇಡ, ಕೇಳುವವರೂ ಬೇಡ. ೨೦೧೭ರ ಕೊನೆಯ ಹೊತ್ತಿಗೆ ಭೂಮಿಯ ನೆಲಭಾಗವೆಲ್ಲವನ್ನೂ ದಿನಕ್ಕೊಂದಾವರ್ತಿ ಚಿತ್ರಿಸಲು ಶಕ್ತರಾದೆವೆಂದು ಕಂಪೆನಿಯವರು ಪ್ರಕಟಿಸಿದರು. ಅಂಗಳದಲ್ಲಿ ಹಪ್ಪಳ ಒಣಗಿಸುವ ಗೃಹಿಣಿಯರು ಇದನ್ನು ಕೇಳಿ ಗಾಬರಿಯಾಗಬೇಕಾದುದಿಲ್ಲ. ಚಿತ್ರದ ಒಂದು ಚುಕ್ಕೆಯು ನೆಲದ ಮೇಲೆ ಮೂರು ನಾಲ್ಕು ಮೀಟರಿಗೆ ಸಮ. ಹಪ್ಪಳದ ಚಾಪೆಯಾಗಲಿ ಮನುಷ್ಯನಾಗಲಿ ಅದರಲ್ಲಿ ಕಾಣುವಂತಿಲ್ಲ. ಕಾಣುವುದು ಹೊಲ, ಕೆರೆ, ರಸ್ತೆ, ಕಡಿದ ಕಾಡು. ಹೀಗೆ ಉಷ್ಣವಲಯದ ಕಾಡುಗಳ ಚಿತ್ರಗಳನ್ನು ಯಾರು ಬೇಕಾದರೂ ನೋಡುವಂತೆ ೨೦೨೦ರಲ್ಲಿ ನಾರ್ವೆ ದೇಶದ ಸರಕಾರವು ಹಣ ಕೊಟ್ಟು ತೆರೆದಿರಿಸಿತು. ಮಿಕ್ಕಂತೆ ಇವು ಮಾರಾಟದ ಸರಕು. ನಮ್ಮ ಊರಿನ ಕೆರೆಯ ದಿನದಿನದ ಚಿತ್ರವನ್ನು ನಾವು ಪರದೇಶದ ಕಂಪೆನಿಯಿಂದ ಕೊಳ್ಳಬೇಕಾಗಿ ಬರುವುದು ನಮಗಂತೂ ಅಷ್ಟಾಗಿ ರುಚಿಸದು. ಮೋಡವನ್ನು ಭೇದಿಸಿ ನೋಡುವ ಶಕ್ತಿಯೂ ಇವಕ್ಕಿಲ್ಲ; ಮಳೆಗಾಲದ ಆಗುಂಬೆಯ ಮೇಲೆ ಹಾದುಹೋಗುವ ಪಾರಿವಾಳಕ್ಕೆ ದಿನದ ಮೇಲೆ ದಿನ ಕಾಣುವುದು ಬಿಳಿಯ ಅರಳೆಯೇ.

ಆದರೂ ಯಾರೂ ಕೇಳದ ಸ್ಥಳದ, ಏನೂ ನಡೆಯದ ದಿನದ ಚಿತ್ರಕ್ಕೆ ಎಷ್ಟು ಬೆಲೆಯೆಂಬುದು ಹಿಮಾಲಯದಲ್ಲಿ ತಿಳಿದುಬಂದಿತು. ೨೦೨೧ನೆಯ ಇಸವಿ ಫೆಬ್ರವರಿ ೭ನೆಯ ತಾರೀಖು, ಭಾನುವಾರ ಬೆಳಗ್ಗೆ, ಉತ್ತರಾಖಂಡದ ಚಮೋಲಿ ಜಿಲ್ಲೆಯ ಋಷಿಗಂಗೆಯಲ್ಲಿ ಕೆಸರು ಬಂಡೆಗಳ ಪ್ರವಾಹವೆದ್ದು ಬಂದಿತು. ಚಿಪ್ಕೋ ಚಳವಳಿಯಿಂದ ಹೆಸರಾದ ರೈಣಿ ಗ್ರಾಮದ ಬಳಿಯ ವಿದ್ಯುತ್ ಕೇಂದ್ರವು ಕೊಚ್ಚಿಹೋಯಿತು. ಕೆಳಗೆ ತಪೋವನದ ಸುರಂಗದಲ್ಲಿ ಕೆಲಸ ಮಾಡುತ್ತಿದ್ದವರು ಸಿಕ್ಕಿಬಿದ್ದರು. ಸತ್ತವರೂ ಕಾಣೆಯಾದವರೂ ಸೇರಿ ಇನ್ನೂರಕ್ಕೆ ಮೇಲ್ಪಟ್ಟರು. ಮಳೆಯಿಲ್ಲದ ಮಾಘದಲ್ಲಿ ಇಷ್ಟು ನೀರು ಎಲ್ಲಿಂದ? ಹಿಮಸರೋವರವೊಂದು ಒಡೆದಿರಬೇಕೆಂದು ಮೊದಲು ಎಲ್ಲರೂ ಊಹಿಸಿದರು. ವಿಜ್ಞಾನಿಗಳು ಪಾರಿವಾಳಗಳು ತೆಗೆದ ೬ನೆಯ ತಾರೀಖಿನ ಚಿತ್ರವನ್ನೂ ೭ನೆಯ ತಾರೀಖಿನ ಚಿತ್ರವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಒಡೆದ ಸರೋವರವೆಲ್ಲಿಯೂ ಇರಲಿಲ್ಲ. ರೊಂಟಿ ಎಂಬ ಶಿಖರದ ಕಡಿದಾದ ಮಗ್ಗುಲಲ್ಲಿ ಹಿಂದಿನ ದಿನ ಬೆಳ್ಳಗಿದ್ದ ಒಂದು ಭಾಗವು ಮರುದಿನ ಕಪ್ಪಾಗಿತ್ತು. ಬೆಟ್ಟದ ಮೈಯೇ ಹಿಮದೊಡನೆ ಕಳಚಿ ಸುಮಾರು ೧೮೦೦ ಮೀಟರ್ ಕೆಳಗೆ ಕಣಿವೆಗೆ ಬಿದ್ದಿತ್ತು. ಬಿದ್ದ ಕಲ್ಲು ಹಿಮಗಳ ಗಾತ್ರ ೨ ಕೋಟಿ ೭೦ ಲಕ್ಷ ಘನಮೀಟರಿನಷ್ಟೆಂದು ಆಮೇಲೆ ಲೆಕ್ಕ ಹಾಕಿದರು. ಬೀಳುವಾಗಿನ ಘರ್ಷಣೆಯ ಕಾವಿಗೆ ಹಿಮವೆಲ್ಲ ಕರಗಿ ಪ್ರವಾಹವಾಗಿತ್ತು.

ಅನಂತರ ಅವರು ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನೂ ಒಂದೊಂದಾಗಿ ತೆಗೆದು ನೋಡಿದರು. ಆ ಮಗ್ಗುಲಿನಲ್ಲಿ ಬಿರುಕೊಂದು ಕಾಣಿಸಿಕೊಂಡು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬಂದದ್ದು ಅವುಗಳಲ್ಲಿ ಕಂಡಿತು. ಚಿತ್ರಗಳು ಅಷ್ಟು ಕಾಲದಿಂದ ಉಗ್ರಾಣದಲ್ಲಿಯೇ ಇದ್ದುವು. ಆ ಬೆಟ್ಟದ ಆ ಮಗ್ಗುಲನ್ನು ನೋಡಬೇಕೆಂದು ಅದುವರೆಗೆ ಯಾರಿಗೂ ತೋಚಿರಲಿಲ್ಲ.