ನಿಮಗಿದು ಗೊತ್ತೆ? ಹಳೇ ಮಸಲ್ ಕಾರಿಗೆ ಹೊಸ ಮೈ

1960ರ ದಶಕದ ಅಮೆರಿಕನ್ ಮಸಲ್ ಕಾರಿಗೆ ತುಕ್ಕು ಹಿಡಿದರೆ ಗುಜರಿಯೇ ಗತಿ ಎಂದೇನಿಲ್ಲ. 1969ರ ಶೆವರ್ಲೆ ಕಮಾರೊಗೆ ಬಾನೆಟ್, ಮಡ್‌ಗಾರ್ಡ್ ಮಾತ್ರವಲ್ಲ, ಉಕ್ಕಿನ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರುತ್ತಾರೆ.

‘ಒರಿಜಿನಲ್ ಅಂದರೆ ಉಕ್ಕು’ ಎನ್ನುವುದು ಮಾತ್ರ ಅರ್ಧ ಸತ್ಯ. 1967ರ ಶೆಲ್ಬಿ ಜಿಟಿ500ರ ಡಿಕ್ಕಿ ಮುಚ್ಚಳ ಬಂದದ್ದೇ ಫೈಬರ್‌ಗ್ಲಾಸ್‌ನಲ್ಲಿ. 1968ರ ಪಾಂಟಿಯಾಕ್ ಜಿಟಿಒದ ಮುಂದಿನ ಬಂಪರ್‌ಗೆ, ಮೆಲ್ಲಗೆ ಗುದ್ದಿದರೆ ತಗ್ಗಿ ಮತ್ತೆ ಮೇಲೇಳುವ ರಬ್ಬರಿನಂಥ ಹೊದಿಕೆ ಇತ್ತು. 1970ರ ಪ್ಲಿಮತ್ ಸೂಪರ್‌ಬರ್ಡ್‌ನದು ಇನ್ನೂ ತಮಾಷೆ: ಚೂಪು ಮೂತಿ ಉಕ್ಕಿನದು, ಹಿಂದಿನ ಎತ್ತರದ ರೆಕ್ಕೆ ಅಲ್ಯೂಮಿನಿಯಂನದು!

ಫೈಬರ್‌ಗ್ಲಾಸ್ ಹಗುರ, ತುಕ್ಕಿನ ಕಾಟವೂ ಇಲ್ಲ. ಆದರೆ ಭಾರದ ಉಕ್ಕಿನ ಬಾನೆಟ್ ಎತ್ತಲೆಂದು ಮಾಡಿದ ಬಿಗಿ ಸ್ಪ್ರಿಂಗನ್ನು ಹಾಗೇ ಬಿಟ್ಟು ಹಗುರ ಬಾನೆಟ್ ಕೂರಿಸಿದರೆ, ಮುಚ್ಚುವಾಗ ಅದು ಕೀಲಿನ ಬಳಿ ಬಾಗುತ್ತದೆ, ಬಿರುಕೂ ಬಿಡಬಹುದು. ಸ್ಪ್ರಿಂಗ್ ಬದಲಿಸಬೇಕು, ಇಲ್ಲವೇ ಕೀಲನ್ನೇ ತೆಗೆದು, ಮೂಲೆಗಳಿಗೆ ಪಿನ್ ಹಾಕಿ, ಬೇಕಾದಾಗ ಇಡೀ ಬಾನೆಟ್ಟನ್ನು ಎತ್ತಿ ಪಕ್ಕಕ್ಕಿಡಬೇಕು. ಡ್ರ್ಯಾಗ್ ರೇಸಿನವರಿಗೆ ಇದೇ ಇಷ್ಟ.

ಕಾರ್ಬನ್ ಫೈಬರ್ ಇನ್ನೂ ಹಗುರ, ಜೇಬಿಗೆ ಮಾತ್ರ ಭಾರ. ಅದಕ್ಕೆ ನೇರವಾಗಿ ತಾಗಿದ ಅಲ್ಯೂಮಿನಿಯಂ, ಉಕ್ಕು ತೇವ ಸೇರಿದರೆ ಬೇಗ ತಿಂದುಹೋಗುತ್ತವೆ.

ಉಕ್ಕನ್ನೇ ಆರಿಸಿಕೊಂಡರೂ ಹೊಸ ತಗಡು ನೇರ ಕೂರುತ್ತದೆಂಬ ಭರವಸೆ ಬೇಡ. ಬಣ್ಣ ಹೊಡೆಯುವ ಮೊದಲೇ ಬೋಲ್ಟ್ ಬಿಗಿದು ಸಂದುಗಳನ್ನು ನೋಡಿಕೊಳ್ಳಬೇಕು. ಹಳೇ ಕಾರು ಕೊಳ್ಳುವ ಜಾಣರ ಕೈಯಲ್ಲಿ ಪುಟ್ಟ ಆಯಸ್ಕಾಂತ ಇರುತ್ತದೆ. ಫೈಬರ್, ಅಲ್ಯೂಮಿನಿಯಂ, ದಪ್ಪಗೆ ಮೆತ್ತಿದ ಪುಟ್ಟಿ, ಮೂರಕ್ಕೂ ಅದು ಅಂಟದು.