ಕೊಂಬೋ, ಪುಡಿಯೋ? ಆನ್‌ಲೈನ್ ಅಂಗಡಿಯ ಆಯ್ಕೆಯ ಲೆಕ್ಕ

ಹರವೆಯಂಥ ಊರಿನ ಕಿರಾಣಿ ಅಂಗಡಿಗೆ ಹೋಗಿ ‘ಅರಿಶಿನ ಕೊಡಿ’ ಎಂದರೆ ಅಂಗಡಿಯವರು ಸುಮ್ಮನೆ ಪೊಟ್ಟಣ ಕಟ್ಟಿ ಕೊಡುವುದಿಲ್ಲ. ಕೊಂಬು ಬೇಕೋ ಪುಡಿಯೋ, ಅಡುಗೆಗೋ ಪೂಜೆಗೋ, ನೂರು ಗ್ರಾಮೋ ಕಾಲು ಕಿಲೋವೋ ಎಂದು ಕೇಳುತ್ತಾರೆ. ಗಿರಾಕಿ ಉತ್ತರ ಹೇಳುತ್ತಾ ಹೋದಂತೆ ವ್ಯಾಪಾರ ಕುದುರುತ್ತದೆ. ಅದೇ ಅರಿಶಿನವನ್ನು ಅಂತರ್ಜಾಲದ ಅಂಗಡಿಯಲ್ಲಿಟ್ಟರೆ ಹೀಗೆ ಕೇಳುವವರು ಎದುರಿಗೆ ಇರುವುದಿಲ್ಲ. ಬೆಂಗಳೂರಿನಲ್ಲಿ ಕುಳಿತ ಗಿರಾಕಿ ರಾತ್ರಿ ಹನ್ನೊಂದಕ್ಕೆ ಫೋನು ತೆರೆದು ನೋಡಿದಾಗ ಆ ಪ್ರಶ್ನೆಗಳೆಲ್ಲ ಪರದೆಯ ಮೇಲೆ ಮೊದಲೇ ಸಿದ್ಧವಾಗಿರಬೇಕು. ಉತ್ತರಕ್ಕೆ ತಕ್ಕಂತೆ ಬೆಲೆಯೂ ಬದಲಾಗಬೇಕು. ಈ ಕೆಲಸವನ್ನು ವಹಿಸಿಕೊಳ್ಳುವ ಪುಟ್ಟ ತಂತ್ರಾಂಶವೇ ‘ಪ್ರಾಡಕ್ಟ್ ಆಪ್ಷನ್ಸ್ ಆಪ್’, ಅಂದರೆ ಸರಕಿನ ಆಯ್ಕೆಗಳನ್ನು ತೋರಿಸುವ ಆಪ್.

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಅರಿಶಿನದ ಸೀಮೆ. ಎಂಟೊಂಬತ್ತು ತಿಂಗಳು ಹೊಲದಲ್ಲಿದ್ದು, ಆಮೇಲೆ ಬೇಯಿಸಿ, ಒಣಗಿಸಿ, ಪಾಲಿಷ್ ಮಾಡಿದ ಬೆಳೆಯನ್ನು ಇಲ್ಲಿನ ರೈತರು ತಮಿಳುನಾಡಿನ ಈರೋಡಿನ ಮಾರುಕಟ್ಟೆಗೆ ಒಯ್ಯುವುದೂ ಉಂಟು. ಬಿ.ಕಾಂ. ಅಥವಾ ಬಿಸಿಎ ಓದುವ ಮಕ್ಕಳಿರುವ ಮನೆಯಲ್ಲಿ ‘ಒಂದಿಷ್ಟನ್ನು ನಾವೇ ಪುಡಿ ಮಾಡಿಸಿ ಮಾರಿದರೆ ಹೇಗೆ?’ ಎಂಬ ಮಾತು ಏಳುವುದು ಸಹಜ. ಆನ್‌ಲೈನ್ ಅಂಗಡಿ ತೆರೆಯುವುದೇನೋ ಈಗ ಒಂದು ಸಂಜೆಯ ಕೆಲಸ. ಆದರೆ ಆಯ್ಕೆಯ ಆಪ್ ತಪ್ಪಿದರೆ ಕೊಂಬು ಕೇಳಿದವರಿಗೆ ಪುಡಿ ಹೋಗುತ್ತದೆ, ಇಲ್ಲದ ಸರಕಿಗೆ ಹಣ ಬಂದು ಬೀಳುತ್ತದೆ, ಪಾರ್ಸೆಲ್ ಹಿಂದಿರುಗಿದ ಖರ್ಚು ಲಾಭವನ್ನೆಲ್ಲ ನುಂಗುತ್ತದೆ.

ಪುಸ್ತಕಕ್ಕಿಲ್ಲದ ತೊಡಕು

ಈ ತೊಡಕನ್ನು ತಿಳಿಯಲು ಕರ್ನಾಟಕದಲ್ಲೇ ಹುಟ್ಟಿದ ಎರಡು ಕಂಪೆನಿಗಳ ಆರಂಭವನ್ನು ನೋಡಬಹುದು. 2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಆರಂಭಿಸಿದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕಗಳನ್ನು. ಪುಸ್ತಕದ ಒಂದು ಆವೃತ್ತಿಗೆ ಒಂದೇ ಐಎಸ್‌ಬಿಎನ್ ಸಂಖ್ಯೆ. ಅದರಲ್ಲಿ ದೊಡ್ಡ ಅಳತೆ, ಸಣ್ಣ ಅಳತೆ, ನೀಲಿ, ಹಸಿರು ಎಂಬ ಗೊಡವೆಯಿಲ್ಲ. ಗಿರಾಕಿ ಬೇಕೆಂದರೆ ಸರಿ, ಬೇಡವೆಂದರೆ ಸರಿ.

ಅದೇ 2007ರಲ್ಲಿ ಅದೇ ಊರಿನಲ್ಲಿ ಶುರುವಾದ ಮಿಂತ್ರಾದ ಕಥೆ ಬೇರೆ. ಈಗ ಬಟ್ಟೆಬರೆಗೆ ಹೆಸರಾದ ಆ ಕಂಪೆನಿ ಮೊದಲು ಮಾಡುತ್ತಿದ್ದುದು ಗಿರಾಕಿ ಹೇಳಿದ ಹೆಸರು, ಕಳಿಸಿದ ಚಿತ್ರವನ್ನು ಟಿ-ಶರ್ಟಿನ ಮೇಲೆ, ಲೋಟದ ಮೇಲೆ ಮುದ್ರಿಸಿ ಕೊಡುವ ಕೆಲಸವನ್ನು. ಕೆಲವು ವರ್ಷಗಳ ನಂತರ ಅದು ಸಿದ್ಧ ಉಡುಪಿನ ವ್ಯಾಪಾರಕ್ಕೆ ಹೊರಳಿತು. 2014ರಲ್ಲಿ ಫ್ಲಿಪ್‌ಕಾರ್ಟ್ ಅದನ್ನು ಕೊಂಡುಕೊಂಡಿತು.

ಮಿಂತ್ರಾ ಮಾಡಿದ ಈ ಎರಡು ವ್ಯಾಪಾರಗಳಲ್ಲಿ ಗಿರಾಕಿಗೆ ಹಾಕುವ ಪ್ರಶ್ನೆಯ ಜಾತಿಯೇ ಬೇರೆ. ಸಿದ್ಧ ಅಂಗಿಯ ಅಳತೆ ಮತ್ತು ಬಣ್ಣ ಗೋದಾಮಿನಲ್ಲಿ ಎಣಿಸಿಡಬಹುದಾದ ಸಂಗತಿ. ಲೋಟದ ಮೇಲೆ ಬರೆಯಬೇಕಾದ ಹೆಸರನ್ನು ಹಾಗೆ ಎಣಿಸಿಡಲು ಬಾರದು. ಅದು ಗಿರಾಕಿ ಕೊಡುವ ಸೂಚನೆ. ಮೊದಲನೆಯದನ್ನು ವ್ಯಾಪಾರದ ಭಾಷೆಯಲ್ಲಿ ‘ವೇರಿಯೆಂಟ್’ ಎನ್ನುತ್ತಾರೆ. ಎರಡನೆಯದಕ್ಕಾಗಿ ಇರುವುದೇ ಆಯ್ಕೆಯ ಆಪ್. ಈ ಎರಡನ್ನು ಬೇರ್ಪಡಿಸದೆ ಆಪ್ ಹುಡುಕಲು ಹೊರಟವರು ಬೇಡದ್ದಕ್ಕೆ ಹಣ ತೆರುತ್ತಾರೆ.

ಕೊಳ್ಳೇಗಾಲದ ಸೀರೆಯ ಗಣಿತ

ಜಿಲ್ಲೆಯದೇ ಇನ್ನೊಂದು ಸರಕು ಕೊಳ್ಳೇಗಾಲದ ರೇಷ್ಮೆ ಸೀರೆ. ಒಂದು ವಿನ್ಯಾಸದಲ್ಲಿ 10 ಬಣ್ಣಗಳಿವೆ ಎಂದಿಟ್ಟುಕೊಳ್ಳಿ. ಫಾಲ್ ಹಚ್ಚಬೇಕೇ ಬೇಡವೇ ಎಂಬುದು ಎರಡು ಆಯ್ಕೆ. ಕುಚ್ಚು ಬೇಡ, ಸಾದಾ ಕುಚ್ಚು, ಮಣಿ ಕುಚ್ಚು ಎಂದು ಮೂರು. ರವಿಕೆ ಹೊಲಿಸಬೇಕೇ ಬೇಡವೇ ಎಂದು ಮತ್ತೆರಡು. ಪಿಯುಸಿ ಗಣಿತದಲ್ಲಿ ಬರುವ ಎಣಿಕೆಯ ಮೂಲತತ್ವ ಇಲ್ಲಿ ಕೆಲಸಕ್ಕೆ ಬರುತ್ತದೆ. 10ನ್ನು 2ರಿಂದ, ಆಮೇಲೆ 3ರಿಂದ, ಮತ್ತೆ 2ರಿಂದ ಗುಣಿಸಿದರೆ 120. ಒಂದೇ ಸೀರೆಗೆ 120 ವೇರಿಯೆಂಟು!

ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಕೆನಡಾದ ಶಾಪಿಫೈ ಸಂಸ್ಥೆ 2006ರಲ್ಲಿ ಆರಂಭವಾಯಿತು. ಅದರಲ್ಲಿ ಒಂದು ಸರಕಿಗೆ ಮೂರು ಬಗೆಯ ಆಯ್ಕೆಗಳನ್ನಷ್ಟೇ ಇಡಬಹುದು. ಬಹುಕಾಲ ವೇರಿಯೆಂಟಿನ ಮಿತಿಯೂ 100 ಆಗಿತ್ತು. 2025ರಲ್ಲಿ ಅದನ್ನು 2,048ಕ್ಕೆ ಏರಿಸಲಾಯಿತು. ಹಾಗಾಗಿ 120 ಎಂಬ ಸಂಖ್ಯೆ ಈಗ ತೊಡಕಲ್ಲ. ಬಣ್ಣ, ಫಾಲ್, ಕುಚ್ಚು, ರವಿಕೆ ಎಂಬ ನಾಲ್ಕನೆಯ ಪ್ರಶ್ನೆಗೆ ಮಾತ್ರ ಜಾಗವಿಲ್ಲ.

ಆದರೆ ಬೀರುವಿನಲ್ಲಿ ನಿಜವಾಗಿ ಇರುವುದು 10 ಬಣ್ಣದ ಸೀರೆಗಳು ಮಾತ್ರ. ಫಾಲ್, ಕುಚ್ಚು, ಹೊಲಿಗೆ ಇವು ಆರ್ಡರ್ ಬಂದ ಮೇಲೆ ಮಾಡುವ ಕೆಲಸಗಳು. ಆದ್ದರಿಂದ ವೇರಿಯೆಂಟು 10 ಸಾಕು. ಉಳಿದ ಮೂರು ಪ್ರಶ್ನೆಗಳನ್ನು ಆಪ್ ಕೇಳಿದರಾಯಿತು. 120 ಸಾಲುಗಳ ಪಟ್ಟಿಯನ್ನು ದಿನವೂ ತಿದ್ದುವ ಕಷ್ಟ ತಪ್ಪುತ್ತದೆ.

ಅರಿಶಿನದ ಲೆಕ್ಕ ಇದಕ್ಕೆ ತಿರುಗುಮುರುಗು. ಕೊಂಬು, ಗಡ್ಡೆ, ಪುಡಿ ಎಂಬ ಮೂರು ರೂಪ, ನಾಲ್ಕು ತೂಕ, ಒಟ್ಟು 12. ಇವೆಲ್ಲ ಎಣಿಸಿಡಬಹುದಾದ ಪೊಟ್ಟಣಗಳೇ. ಅಂಗಡಿಯ ತಂತ್ರಾಂಶದಲ್ಲೇ ಇರುವ ಸೌಲಭ್ಯ ಇದಕ್ಕೆ ಸಾಕು. ಅಂದರೆ ಅರಿಶಿನ ಮಾತ್ರ ಮಾರುವ ಮನೆಗೆ ಆಪ್‌ನ ಅಗತ್ಯವೇ ಇಲ್ಲದಿರಬಹುದು. ಮದುವೆಯ ತಾಂಬೂಲಕ್ಕೆ ವಧೂವರರ ಹೆಸರು ಮುದ್ರಿಸಿದ ಪೊಟ್ಟಣ ಕೊಡುವುದಾದರೆ ಆಗ ಅಗತ್ಯ ಬರುತ್ತದೆ.

ಡಬ್ಬದಲ್ಲಿ ಹತ್ತು ಕಿಲೋ, ಪರದೆಯಲ್ಲಿ ಇಪ್ಪತ್ತು

ಮನೆಯ ಡಬ್ಬದಲ್ಲಿ 10 ಕಿಲೋ ಪುಡಿ ಇದೆ, ಇನ್ನೂ ಪೊಟ್ಟಣ ಕಟ್ಟಿಲ್ಲ. ಅದನ್ನು ನೋಡಿ ಮಗಳು ಕಾಲು ಕಿಲೋದ 40 ಪೊಟ್ಟಣ, ಒಂದು ಕಿಲೋದ 10 ಪೊಟ್ಟಣ ಎಂದು ಅಂಗಡಿಯಲ್ಲಿ ನಮೂದಿಸುತ್ತಾಳೆ. ಒಂದೊಂದು ಸಾಲೂ ಬಿಡಿಯಾಗಿ ಸರಿಯೇ. ಕೂಡಿಸಿದರೆ 20 ಕಿಲೋ! ಹಬ್ಬದ ವಾರದಲ್ಲಿ ಎಲ್ಲವೂ ಮಾರಾಟವಾದರೆ 10 ಕಿಲೋದಷ್ಟು ಹಣವನ್ನು ಹಿಂದಿರುಗಿಸಿ ಕ್ಷಮೆ ಕೇಳಬೇಕಾಗುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಮೊದಲು ಪೊಟ್ಟಣ ಕಟ್ಟಿ, ಕಟ್ಟಿದ್ದನ್ನಷ್ಟೇ ಎಣಿಸಿ ಬರೆಯುವುದು ಒಂದು. ಯಾವ ತೂಕ ಮಾರಾಟವಾದರೂ ಒಂದೇ ಡಬ್ಬದ ಲೆಕ್ಕದಿಂದ ಅಷ್ಟು ಗ್ರಾಂ ಕಳೆಯುವ ಆಪ್ ಹಾಕಿಕೊಳ್ಳುವುದು ಇನ್ನೊಂದು. ಸಣ್ಣ ವ್ಯಾಪಾರಕ್ಕೆ ಮೊದಲನೆಯದೇ ಲೇಸು, ಅದಕ್ಕೆ ಶುಲ್ಕವಿಲ್ಲ.

ಕೊಳ್ಳುವ ಮೊದಲು ಪರೀಕ್ಷೆ

ಶಾಪಿಫೈಗೆಂದೇ ಇನ್ಫಿನಿಟ್ ಆಪ್ಷನ್ಸ್, ಬೋಲ್ಡ್ ಪ್ರಾಡಕ್ಟ್ ಆಪ್ಷನ್ಸ್, ಗ್ಲೋಬೋ ಮೊದಲಾದ ಆಪ್‌ಗಳು ಬಂದಿವೆ. ವರ್ಡ್‌ಪ್ರೆಸ್ ತಾಣದ ಮೇಲೆ ಕೂರುವ ವೂಕಾಮರ್ಸ್ 2011ರಲ್ಲಿ ಬಂತು. ಅದರ ಮೂಲ ತಂತ್ರಾಂಶ ಉಚಿತ, ಆಯ್ಕೆಗಳಿಗಾಗಿ ಇರುವ ಪ್ರಾಡಕ್ಟ್ ಆಡ್-ಆನ್ಸ್‌ಗೆ ಹಣ ಕೊಡಬೇಕು. ಹೆಸರು ಯಾವುದೇ ಇರಲಿ, ಅನೇಕ ಆಪ್‌ಗಳು ಕೆಲವು ದಿನ ಪುಕ್ಕಟೆಯಾಗಿ ಬಳಸಲು ಬಿಡುತ್ತವೆ. ಆ ದಿನಗಳಲ್ಲಿ ಈ ಕೆಳಗಿನ ಸಂಗತಿಗಳನ್ನು ನೋಡಬೇಕು.

ಒಂದು ಉತ್ತರ ಇನ್ನೊಂದು ಪ್ರಶ್ನೆಯನ್ನು ತೆರೆಯುತ್ತದೆಯೇ? ‘ರವಿಕೆ ಹೊಲಿಸಬೇಕು’ ಎಂದವರಿಗೆ ಮಾತ್ರ ಎದೆ, ತೋಳು, ಉದ್ದದ ಅಳತೆ ಕೇಳಬೇಕು. ಬೇಡವೆಂದವರ ಮುಂದೆಯೂ ಆ ಖಾನೆಗಳು ಬಂದರೆ ಅವರು ಅಂಗಡಿ ಬಿಟ್ಟೇ ಹೋಗುತ್ತಾರೆ.

ಗಿರಾಕಿಯ ಉತ್ತರ ಎಲ್ಲಿಯವರೆಗೆ ಬರುತ್ತದೆ? ಅದು ಆರ್ಡರಿನಲ್ಲಿ, ಗಿರಾಕಿಗೆ ಹೋಗುವ ಇ-ಮೇಲಿನಲ್ಲಿ, ಪಾರ್ಸೆಲ್ ಕಟ್ಟುವವರ ಕೈಗೆ ಸಿಗುವ ಚೀಟಿಯಲ್ಲಿ, ಮೂರೂ ಕಡೆ ಇರಬೇಕು. ಮನೆಯವರೇ ಒಂದು ಸುಳ್ಳು ಆರ್ಡರ್ ಹಾಕಿ ಚೀಟಿ ಮುದ್ರಿಸಿ ನೋಡಿದರೆ ಇದು ತಿಳಿಯುತ್ತದೆ.

ಹೆಚ್ಚುವರಿ ಹಣವನ್ನು ಹೇಗೆ ಸೇರಿಸುತ್ತದೆ? ಕುಚ್ಚಿಗೆ 400 ರೂಪಾಯಿ ಹೆಚ್ಚೆಂದರೆ, ಕೆಲವು ಆಪ್‌ಗಳು 400 ರೂಪಾಯಿಯ ಇನ್ನೊಂದು ಸರಕನ್ನು ಒಳಗೊಳಗೇ ಸೃಷ್ಟಿಸಿ ಬುಟ್ಟಿಗೆ ಹಾಕುತ್ತವೆ. ಗಿರಾಕಿ ಬುಟ್ಟಿಯಿಂದ ಆ ಸಾಲನ್ನು ತೆಗೆದುಹಾಕಿದರೆ ಕುಚ್ಚಿನ ಸೂಚನೆ ಉಳಿದು ಹಣ ಮಾತ್ರ ಹೋಗುವ ಸಂಭವ ಉಂಟು. ಇದನ್ನೂ ಮಾಡಿ ನೋಡಬೇಕು.

ಕನ್ನಡ ಗೊತ್ತೇ? ಹೆಸರು ಬರೆಸುವ ಖಾನೆಗೆ ಸಾಮಾನ್ಯವಾಗಿ ಅಕ್ಷರಮಿತಿ ಇಡುತ್ತಾರೆ. ‘ಲಕ್ಷ್ಮೀ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಲ, ಕ, ಹಲಂತ, ಷ, ಹಲಂತ, ಮ, ದೀರ್ಘ ಈಕಾರ ಎಂದು ಏಳು ಸಂಕೇತಗಳು. ಮಿತಿ ಆರು ಎಂದಿಟ್ಟರೆ ಲಕ್ಷ್ಮಿಯ ಹೆಸರೇ ಪೂರ್ತಿ ಬಾರದು. ಚೀಟಿಯಲ್ಲಿ ಒತ್ತಕ್ಷರ ಒಡೆಯದೆ ಮುದ್ರಣವಾಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಹಳ್ಳಿಯ ಸಿಗ್ನಲ್ಲಿಗೆ ತಡೆಯುತ್ತದೆಯೇ? ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿ ಚುರುಕಾಗಿ ತೆರೆದ ಪುಟ, ಕಡಿಮೆ ಬೆಲೆಯ ಫೋನಿನಲ್ಲಿ ತೆವಳಬಹುದು. ಪರೀಕ್ಷೆ ಮಾಡಬೇಕಾದದ್ದು ಫೋನಿನಲ್ಲೇ.

ಬಿಟ್ಟರೆ ಏನಾಗುತ್ತದೆ? ಆಪ್ ತೆಗೆದ ದಿನ ಅದರಲ್ಲಿ ಬರೆದಿಟ್ಟ ಆಯ್ಕೆಗಳೆಲ್ಲ ಪುಟದಿಂದ ಮಾಯವಾಗುತ್ತವೆ. ಪಟ್ಟಿಯನ್ನು ಹೊರಗೆ ಇಳಿಸಿಕೊಳ್ಳಲು ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ನೋಟ್‌ಬುಕ್ಕಿನಲ್ಲಿ ಒಂದು ಪ್ರತಿ ಇರಲಿ.

ಕೊನೆಯದು ಶುಲ್ಕ. ಹಲವು ಆಪ್‌ಗಳ ಶುಲ್ಕ ಡಾಲರಿನಲ್ಲಿ, ಅದೂ ತಿಂಗಳು ತಿಂಗಳು. ರೂಪಾಯಿ ಇಳಿದರೆ ಶುಲ್ಕ ಏರುತ್ತದೆ. ತಿಂಗಳಿಗೆ 800 ರೂಪಾಯಿ ಎಂದಿಟ್ಟುಕೊಂಡರೆ, ಖರ್ಚು ಕಳೆದು ಪೊಟ್ಟಣಕ್ಕೆ 20 ರೂಪಾಯಿ ಉಳಿಯುವ ಮನೆಯಲ್ಲಿ ಮೊದಲ 40 ಪೊಟ್ಟಣಗಳ ದುಡಿಮೆ ಆಪ್‌ಗೇ ಸಲ್ಲುತ್ತದೆ. ತಿಂಗಳಿಗೆ 30 ಪೊಟ್ಟಣ ಮಾರುವವರು ಅದನ್ನು ಹಾಕಿಕೊಳ್ಳದಿರುವುದೇ ಜಾಣತನ.

ಗಿರಾಕಿಗೆ ಮೋಸವಾಗದಂತೆ

ಆಪ್‌ನಲ್ಲಿ ‘ಉಡುಗೊರೆ ಪೆಟ್ಟಿಗೆ, 50 ರೂಪಾಯಿ’ ಎಂಬ ಚೌಕಕ್ಕೆ ಮೊದಲೇ ಟಿಕ್ ಹಾಕಿಡುವ ಸೌಲಭ್ಯ ಇರಬಹುದು. ಅದನ್ನು ಬಳಸಬಾರದು. ಗಿರಾಕಿಯ ಒಪ್ಪಿಗೆಯನ್ನು ಹೀಗೆ ಮೊದಲೇ ಗುರುತು ಹಾಕಿದ ಚೌಕದಿಂದ ಪಡೆಯುವಂತಿಲ್ಲ ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಗಿರಾಕಿಗೆ ತಿಳಿಯದಂತೆ ಬುಟ್ಟಿಗೆ ಸರಕು ಸೇರಿಸುವುದು, ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಏರಿಸುವುದು ಮುಂತಾದ 13 ಬಗೆಯ ಕಣ್ಕಟ್ಟುಗಳನ್ನು ಕೇಂದ್ರ ಸರ್ಕಾರದ 2023ರ ನವೆಂಬರಿನ ಮಾರ್ಗಸೂಚಿ ನಿಷೇಧಿಸಿದೆ. ಪೊಟ್ಟಣದ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮೊದಲಾದ ವಿವರಗಳು ಆನ್‌ಲೈನ್ ಪುಟದಲ್ಲೂ ಕಾಣಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಆಹಾರ ಪದಾರ್ಥ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿಯೂ ಬೇಕು.

ರವಿಕೆ ಕತ್ತರಿಸಿದ ಮೇಲೆ, ಹೆಸರು ಮುದ್ರಿಸಿದ ಮೇಲೆ ಸರಕನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಹಿಂದಿರುಗಿಸಲು ಅವಕಾಶ ಇದೆಯೇ ಇಲ್ಲವೇ ಎಂಬುದನ್ನು ಆ ಆಯ್ಕೆಯ ಪಕ್ಕದಲ್ಲೇ ಬರೆದಿಟ್ಟರೆ ಮುಂದಿನ ಜಗಳ ತಪ್ಪುತ್ತದೆ.

ಮನೆಯವರೆಲ್ಲ ಕೂತು ಮಾಡುವ ಪಟ್ಟಿ

ಫೋನು, ಆಪ್ ಎಂದೊಡನೆ ಹಿರಿಯರು ‘ಅದೆಲ್ಲ ಮಕ್ಕಳಿಗೆ ಬಿಟ್ಟದ್ದು’ ಎಂದು ದೂರ ಸರಿಯುತ್ತಾರೆ. ಆದರೆ ಈ ಆಯ್ಕೆಯ ಅರ್ಧ ಭಾಗ ಅವರ ಬಳಿಯೇ ಇದೆ. ಕೊಂಬಿಗೂ ಗಡ್ಡೆಗೂ ಬೆಲೆ ಏಕೆ ಬೇರೆ, ಮಳೆಗಾಲದಲ್ಲಿ ಪುಡಿಗೆ ಯಾವ ಚೀಲ ತಡೆಯುತ್ತದೆ, ಗಿರಾಕಿ ಸಾಮಾನ್ಯವಾಗಿ ಏನು ಕೇಳುತ್ತಾನೆ ಎಂಬುದು ಬೆಳೆದವರಿಗೆ, ಮಾರಿದವರಿಗೆ ಗೊತ್ತು. ಅದನ್ನು ಯಾವ ಆಪ್ ಕೂಡ ತಾನಾಗಿ ಹೇಳಿಕೊಡುವುದಿಲ್ಲ.

ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು, ಎಡಗಡೆ ‘ಎಣಿಸಿಡಬಹುದಾದದ್ದು’, ಬಲಗಡೆ ‘ಗಿರಾಕಿ ಹೇಳಿದ ಮೇಲೆ ಮಾಡುವುದು’ ಎಂದು ಬರೆಯಲಿ. ತಂದೆ ತಾಯಿ ಹೇಳುತ್ತಾ ಹೋಗಲಿ, ಮಕ್ಕಳು ತುಂಬಿಸುತ್ತಾ ಹೋಗಲಿ. ಬಲಗಡೆಯ ಕಾಲಂ ಖಾಲಿ ಉಳಿದರೆ ಆಪ್‌ಗೆ ಕೊಡಬೇಕಾಗಿದ್ದ ಹಣ ಮನೆಯಲ್ಲೇ ಉಳಿಯಿತು. ತುಂಬಿದರೆ ಆ ಹಾಳೆಯನ್ನೇ ಪಕ್ಕದಲ್ಲಿಟ್ಟುಕೊಂಡು ಆಪ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು.